ಟ್ಯಾಬ್ಲೆಟ್ ಆಮೇಲೆ ಕೊಡಿ, ಮೊದಲು ಟೀಚರ್ ಮಾತು ಕೇಳಿ

ಡಿಸೆಂಬರ್ 3 ಹತ್ತಿರ ಬಂತು ಅಂದ್ರೆ ನಮ್ಮ ಐಟಿ ಕಂಪನಿಗಳಲ್ಲಿ ಕರುಣೆ ಉಕ್ಕಿ ಹರಿಯುತ್ತೆ. ವಿಶ್ವ ಅಂಗವಿಕಲರ ದಿನ ನೋಡಿ. ಒಂದು ಹ್ಯಾಕಥಾನ್, ಒಂದು ಆಪ್, ಸಾಧ್ಯವಾದ್ರೆ ಒಂದು ಹಂಪಿ ಟ್ರಿಪ್ಪು. ದಾರಿಯಲ್ಲಿ ಹೊಸಪೇಟೆಯ ಯಾವುದೋ ಶಾಲೆಯಲ್ಲಿ ಟ್ಯಾಬ್ಲೆಟ್ ಹಂಚಿ, ಗ್ರೂಪ್ ಫೋಟೋ ತೆಗೆಸಿಕೊಂಡು, ಸಂಜೆಗೆ ಹೇಮಕೂಟದ ಸೂರ್ಯಾಸ್ತ. ಆ ಫೋಟೋದ ಮೂಲೆಯಲ್ಲಿ ನಿಂತಿರೋ ವಿಶೇಷ ಶಿಕ್ಷಕಿಯನ್ನ "ಮೇಡಂ, ಈ ಮಗುಗೆ ಏನು ಬೇಕು?" ಅಂತ ಕೇಳಿದವರು ಎಷ್ಟು ಜನ?

ನಾನೂ ಕೋಡ್ ಬರೆದೇ ಅನ್ನ ತಿನ್ನೋನು, ಅದಕ್ಕೇ ಈ ಸಿಟ್ಟು. ಬ್ಯಾಂಕಿನ ಸಾಫ್ಟ್‌ವೇರ್ ಬರೆಯೋಕೆ ಬ್ಯಾಂಕಿನವರನ್ನ ಕೂರಿಸಿಕೊಂಡು ತಿಂಗಳುಗಟ್ಟಲೆ ಕೇಳ್ತೀವಿ. ವಿಶೇಷ ಅಗತ್ಯದ ಮಕ್ಕಳ ವಿಷಯಕ್ಕೆ ಬಂದ್ರೆ ಮಾತ್ರ ಒಳ್ಳೆ ಮನಸ್ಸು ಸಾಕು ಅನ್ಕೊಂಡಿದ್ದೀವಿ. ಸಾಲಲ್ಲ. ಅದೊಂದು ವಿದ್ಯೆ.

ಎಂಥಾ ವಿದ್ಯೆ? ಅಂಗಿಗೆ ಗುಂಡಿ ಹಾಕೋದನ್ನೇ ತಗೊಳ್ಳಿ. ನಾವು ಮೊದಲ ಹೆಜ್ಜೆಯಿಂದ ಕಲಿಸ್ತೀವಿ, ಮಗು ಸೋಲುತ್ತೆ. ಅನುಭವಿ ಟೀಚರ್ ಕೊನೆಯಿಂದ ಶುರು ಮಾಡ್ತಾರೆ. ಎಲ್ಲ ತಾವೇ ಮಾಡಿ, ತೂತಿನಿಂದ ಗುಂಡಿ ಎಳೆಯೋ ಕಡೇ ಕೆಲಸ ಮಗುಗೆ ಬಿಡ್ತಾರೆ. ದಿನಾ ಗೆಲುವಿನಲ್ಲೇ ಮುಗಿಯುತ್ತೆ. ಅದು ಕೈಗೆ ಬಂದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು.

ಮಗು ಚೀರಿದ್ರೆ ನಾವು ಹಟ ಅಂತೀವಿ. ಅವರು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೀತಾರೆ: ಚೀರೋಕೆ ಮುಂಚೆ ಏನಾಯ್ತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದ್ವಿ. ಬೆಲ್ಲಿನ ಸದ್ದೋ, ಹಸಿವೋ, ಅರ್ಥವಾಗದ ಪಾಠವೋ, ಕಾರಣ ಅಲ್ಲಿ ಸಿಗುತ್ತೆ. ಲಾಗ್ ಓದದೆ ಬಗ್ ಸರಿ ಮಾಡೋ ಇಂಜಿನಿಯರ್‌ನ ನಾವು ಟೀಮಿನಲ್ಲಿ ಇಟ್ಕೋತೀವಾ?

ಸಂಡೂರಿನ ತಾಂಡಾದ ಮಗು ಉತ್ತರ ಕೊಡದಿದ್ರೆ, ಅದಕ್ಕೆ ಪಾಠ ಅರ್ಥವಾಗ್ಲಿಲ್ವೋ ಅಥವಾ ಕನ್ನಡವೇ ಅರ್ಥವಾಗ್ಲಿಲ್ವೋ? ಮನೆಯಲ್ಲಿ ಮಾತಾಡೋದು ಲಂಬಾಣಿ. ಕಂಪ್ಲಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಈ ಪ್ರಶ್ನೆ ಕೇಳ್ಕೊಳ್ಳದೆ 'ಬುದ್ಧಿ ಮಂದ' ಅಂತ ಬರೆದು ಕೈ ತೊಳೆದುಕೊಂಡ್ರೆ ಒಂದು ಜೀವನವೇ ಹಾಳು.

ಇಂಥ ತಿಳಿವಳಿಕೆಯವರನ್ನ ವ್ಯವಸ್ಥೆ ಹೇಗೆ ನಡೆಸಿಕೊಂಡಿದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸಿ, ಎಲ್ಲರ ಜೊತೆ ಕಲಿಯೋ ಹಕ್ಕು ಕೊಟ್ಟಿತು. ಕಲಿಸೋರು? 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರಿಗೆ ಕಾಯಂ ಹುದ್ದೆ ಮಾಡಿ ಅಂದಿತು. ಆಮೇಲೆ ಬಂದ ಲೆಕ್ಕ, ಕಿರಿಯ ತರಗತಿಗಳಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಹಿರಿಯ ತರಗತಿಗಳಲ್ಲಿ 15ಕ್ಕೆ ಒಬ್ಬರು. 2025ರ ಮಾರ್ಚಿನಲ್ಲಿ ಅದೇ ಕೋರ್ಟು ರಾಜ್ಯಗಳಿಗೆ ಮತ್ತೆ ಗದರಬೇಕಾಯ್ತು. ನಮ್ಮಲ್ಲಿ ಇವತ್ತಿಗೂ ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಅವರೇ ಹೋಗಬೇಕು.

ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ಸಂಡೂರಿನ ಗುಡ್ಡ ಅಗೆದ ಅದಿರಿಗೆ ಕಂಪನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತವೆ. 2015ರ ನಿಯಮದಲ್ಲೇ ಅದರ ಕನಿಷ್ಠ 60% ಆದ್ಯತಾ ವಲಯಕ್ಕೆ ಅಂತಿತ್ತು; ಶಿಕ್ಷಣ, ಅಂಗವಿಕಲರ ಕಲ್ಯಾಣ ಎರಡೂ ಆ ಪಟ್ಟಿಯಲ್ಲಿವೆ. ಆ ಹಣದ ಯೋಜನೆ ಬರೆಯೋ ಮೇಜಿನಲ್ಲಿ ವಿಶೇಷ ಶಿಕ್ಷಕರಿಗೂ ಒಂದು ಕುರ್ಚಿ ಹಾಕಿ.

"ಹಾಗಾದ್ರೆ ಟೆಕ್ನಾಲಜಿ ಬೇಡ್ವಾ ಗುರೂ?" ಅಂತೀರಿ. ಬೇಕು. ಕುರುಡರು ಕಂಪ್ಯೂಟರ್ ಬಳಸೋಕೆ ನೆರವಾಗೋ, ಪುಕ್ಕಟೆ ಸಿಗೋ ಎನ್‌ವಿಡಿಎ ತಂತ್ರಾಂಶವನ್ನ 2006ರಲ್ಲಿ ಶುರು ಮಾಡಿದ ಮೈಕಲ್ ಕರನ್ ಸ್ವತಃ ಕಣ್ಣು ಕಾಣದವರು. ಏನು ಬೇಕು ಅಂತ ಬಲ್ಲವರೇ ಕೈ ಹಾಕಿದ್ದಕ್ಕೆ ಅದು ಇವತ್ತಿಗೂ ಬಳಕೆಯಲ್ಲಿದೆ. ನಮ್ಮ ಹ್ಯಾಕಥಾನಿನ ಆಪುಗಳು ಜನವರಿವರೆಗಾದ್ರೂ ಬದುಕಿರ್ತವಾ?

ಮುಂದಿನ ಸಲ ಹಂಪಿಗೆ ಹೋದಾಗ ಒಂದು ದಿನ ಮಿಗಿಸಿ. ಕ್ಯಾಮೆರಾ ರೂಮಿನಲ್ಲಿರಲಿ. ಮೊದಲೇ ಕೇಳಿ, ಒಪ್ಪಿದ್ರೆ ತರಗತಿಯ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡಿ. ಸಂಜೆ ಆ ಟೀಚರಿಗೆ ಎರಡೇ ಪ್ರಶ್ನೆ ಕೇಳಿ: ಎಷ್ಟು ಮಕ್ಕಳಿಗೆ ನೀವೊಬ್ಬರು? ಈ ತಿಂಗಳ ಸಂಬಳ ಬಂತಾ?

ಉತ್ತರ ಕೇಳಿಸ್ಕೊಂಡ ಮೇಲೂ ಆಪ್ ಬರೀಬೇಕು ಅನ್ನಿಸಿದ್ರೆ, ಖಂಡಿತ ಬರೀರಿ.