ಹಳೇ ಐ3 ತಗೋಬೇಕೋ, ಸೆಲೆರಾನ್ ತಗೋಬೇಕೋ?

ಕಾಲೇಜು ಸುರು ಆಗೂ ಹೊತ್ತಿಗೆ ನಮ್ಮ ಓಣ್ಯಾಗ ಈ ಪ್ರಶ್ನೆ ಬಂದ ಬರ್ತದ. ಸೆಕೆಂಡ್ ಹ್ಯಾಂಡ್ ಅಂಗಡ್ಯಾಗ ಎರಡು ಲ್ಯಾಪ್‌ಟಾಪ್ ನೋಡಿ ಬಂದಿರ್ತಾರ. ಒಂದರ ಮ್ಯಾಲೆ ಐ3 ಅಂತ ಚೀಟಿ, ಇನ್ನೊಂದರ ಮ್ಯಾಲೆ ಸೆಲೆರಾನ್ ಅಂತ ಚೀಟಿ, ರೇಟು ಹೆಚ್ಚುಕಡಿಮಿ ಒಂದ. "ಯಾವದು ಛೊಲೋ ಹೇಳ್ರಿ ವೈನಿ" ಅಂತ ಕೇಳ್ತಾರ ಖರೇ, ಆದ್ರ ಉತ್ತರ ಮೊದಲ ಮನಸಿನ್ಯಾಗ ಇಟ್ಕೊಂಡಿರ್ತಾರ. ಐ3 ಅನ್ನೂದು ಎಲ್ಲಾರೂ ಕೇಳಿದ ಹೆಸರು. ಸೆಲೆರಾನ್ ಅಂದ್ರ ಅಗ್ಗದ್ದು, ಹಳೇದು. ನಾ ಹೇಳೂದು ಇಷ್ಟ: ಆ ಚೀಟಿ ನೋಡಿ ತಗೊಳ್ಳೂದು ಅಂದ್ರ ಡಬ್ಬಿ ಮ್ಯಾಲಿನ ಹೆಸರು ಓದಿ, ಒಳಗಿನ ಬ್ಯಾಳಿ ನೋಡದ ಮನಿಗೆ ತಂದಂಗ.

ನಮ್ಮ ಕಡೆ ಅಂಗಡ್ಯಾಗ ಭಾಳ ಕಾಣೂ ಜೋಡಿ ಅಂದ್ರ ಇಂಟೆಲ್ ಕೋರ್ ಐ3-5005ಯು ಮತ್ತ ಸೆಲೆರಾನ್ ಎನ್4020. ಹಳೇದು ಯಾವದು ಗೊತ್ತೇನು? ಐ3. ಅದು ಬಂದದ್ದು 2015ರಾಗ. ಸೆಲೆರಾನ್ ಬಂದದ್ದು 2019ರ ಕೊನೀಗೆ. ನಡುವ ಸುಮಾರು ಐದು ವರ್ಷದ ಅಂತರ ಅದ, ಮತ್ತ ಈ ಧಂದೇದಾಗ ಐದು ವರ್ಷ ಅಂದ್ರ ಭಾಳ ಆತು.

ಇಬ್ಬರಿಗೂ ಕೋರ್ ಎರಡೆರಡ. ಅಂದ್ರ ಎರಡು ಒಲಿ ಇದ್ದಂಗ. ಆದ್ರ ಐ3ಕ್ಕ ಒಂದು ಕಲೆ ಬರ್ತದ, ಅದಕ್ಕ ಹೈಪರ್‌ಥ್ರೆಡಿಂಗ್ ಅಂತಾರ. ಹಂಚಿನ ಮ್ಯಾಲೆ ಒಂದು ಭಕ್ರಿ ಬೇಯೂದ್ರಾಗ ನಾವು ಮುಂದಿನ ಭಕ್ರಿ ಬಡೀತೇವಲ್ಲ, ಸುಮ್ಮನ ನೋಡ್ಕೋತ ನಿಂದ್ರೂದಿಲ್ಲಲ್ಲ, ಹಂಗ. ಹಿಂಗಾಗಿ ಎರಡ ಕೋರ್ ಇದ್ರೂ ಅದು ನಾಕು ಕೆಲಸ ಒಟ್ಟಿಗೆ ಸಂಭಾಳಿಸ್ತದ. ಸೆಲೆರಾನ್‌ಗ ಆ ಕಲೆ ಇಲ್ಲ, ಎರಡು ಅಂದ್ರ ಎರಡ. ಬ್ರೌಸರಿನ್ಯಾಗ ಹತ್ತು ಪುಟ ತೆಗೆದಿಟ್ಟು, ಮಗ್ಗಲಕ್ಕ ಎಕ್ಸೆಲ್ ಹಚ್ಚಿ, ಮ್ಯಾಲೆ ಆನ್‌ಲೈನ್ ಕ್ಲಾಸು ನಡಸ್ತೇನಿ ಅಂದ್ರ ಐ3 ತಡಕೋತದ, ಸೆಲೆರಾನ್ ಏದುಸಿರು ಬಿಡ್ತದ.

ವೇಗದ ಲೆಕ್ಕ ಇನ್ನೂ ಮಜಾ ಅದ. ಐ3 ಯಾವಾಗ್ಲೂ 2 ಗಿಗಾಹರ್ಟ್ಜ್, ಏರೂದೂ ಇಲ್ಲ. ಸೆಲೆರಾನ್ 1.1ದಾಗ ಕೂತಿರ್ತದ, ಕೆಲಸ ಬಂದಾಗ 2.8ರ ತನಕ ಓಡಿ, ಬಿಸಿ ಆತು ಅಂದ್ರ ಮತ್ತ ಇಳೀತದ. ಅದಕ್ಕ ಒಂದು ಫೈಲ್ ತೆಗಿಯೂದು, ಒಂದು ಪತ್ರ ಟೈಪ್ ಮಾಡೂದು, ಇಂಥಾ ಒಂದೊಂದ ಕೆಲಸಕ್ಕ ಎರಡೂ ಹತ್ತಿರ ಹತ್ತಿರ ಅನಸ್ತಾವ. ತಾಸುಗಟ್ಟಲೆ ಒಂದ ಸಮನ ದುಡಿಯೂದಿದ್ರ ಐ3 ಮುಂದ.

ಹಂಗಂತ ಸೆಲೆರಾನ್ ಏನೂ ಕೆಲಸಕ್ಕ ಬಾರದ್ದಲ್ಲ. ಅದು ಕರೆಂಟು ಭಾಳ ಕಡಿಮಿ ತಿಂತದ. ಐ3ಕ್ಕ 15 ವ್ಯಾಟಿನ ಲೆಕ್ಕ, ಇದಕ್ಕ 6. ಭಾಳಷ್ಟು ಸೆಲೆರಾನ್ ಲ್ಯಾಪ್‌ಟಾಪಿಗೆ ಒಳಗ ಫ್ಯಾನ್ ಸೈತ ಇರೂದಿಲ್ಲ, ಗುಂಯ್ ಅನ್ನೂ ಸಪ್ಪಳ ಇಲ್ಲ. ಯೂಟ್ಯೂಬ್ ವಿಡಿಯೊ ಬರೂ ಧಾಟಿ, ವಿಪಿ9 ಅಂತ, ಅದನ್ನ ಬಿಚ್ಚೂ ಯಂತ್ರಾನ ಇದರ ಗ್ರಾಫಿಕ್ಸಿನ್ಯಾಗ ಕೂಡಸ್ಯಾರ. ಐ3ದಾಗ ಅದು ಪೂರಾ ಇಲ್ಲ, ಹಿಂಗಾಗಿ ಅದೇ ವಿಡಿಯೊಕ್ಕ ಅದು ಜಾಸ್ತಿ ಬಿಸಿ ಆಗ್ತದ. ಮಧ್ಯಾಹ್ನ ಅಡಿಗಿ ವಿಡಿಯೊ, ಸಂಜೀಕ ಭಜನಿ, ಇಷ್ಟ ಬೇಕಾದ ಮಾಂಶಿಯವರಿಗೆ ಸೆಲೆರಾನ್ ಆರಾಮ.

ಇಷ್ಟೆಲ್ಲಾ ಹೇಳಿದ ಮ್ಯಾಲೂ, ಮನಿಗೆ ತಂದ ಲ್ಯಾಪ್‌ಟಾಪ್ ಓಡ್ತದೋ ತೆವಳ್ತದೋ ಅನ್ನೂದನ್ನ ಈ ಎರಡೂ ಚೀಟಿ ಹೇಳೂದಿಲ್ಲ. ಅದನ್ನ ಹೇಳೂದು ರ್‍ಯಾಮ್ ಮತ್ತ ಡಿಸ್ಕ್. ಹಳೇ ಐ3 ಲ್ಯಾಪ್‌ಟಾಪಿನ್ಯಾಗ ಸಾಮಾನ್ಯವಾಗಿ ತಿರುಗೂ ಹಾರ್ಡ್‌ಡಿಸ್ಕ್ ಇರ್ತದ. ಚಹಾ ಕುದ್ದು ಸೋಸಿ ಕುಡದ್ರೂ ಅದು ಇನ್ನೂ ಸುರು ಆಗ್ತಾನ ಇರ್ತದ. ಆದ್ರ ಹಿಂದಿನ ಸ್ಕ್ರೂ ತೆಗದು ಆ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಕೂಡಸ್ಬಹುದು, ರ್‍ಯಾಮ್ 4 ಇದ್ದದ್ದನ್ನ 8 ಮಾಡ್ಬಹುದು. ಇಷ್ಟು ಮಾಡಿದ್ರ ಅದ ಐ3 ಬ್ಯಾರೇನ ಯಂತ್ರ ಆಗ್ತದ. ಅಗ್ಗದ ಸೆಲೆರಾನ್ ಭಾಳಷ್ಟರಾಗ 4 ಜಿಬಿ ರ್‍ಯಾಮ್ ಬೋರ್ಡಿಗೆ ಬೆಸುಗಿ ಹಾಕಿರ್ತಾರ, ಡಿಸ್ಕಿನ ಬದಲಿ 64 ಜಿಬಿ ಇಎಂಎಂಸಿ ಅಂತ ಒಂದು ಚಿಪ್ಪು, ಅದೂ ಬೆಸುಗಿ. ವಿಂಡೋಸ್ 11ಕ್ಕ ಕನಿಷ್ಠ ಬೇಕಾದದ್ದ 4 ಜಿಬಿ ರ್‍ಯಾಮ್, 64 ಜಿಬಿ ಜಾಗ! ಮನಿ ತುಂಬ ಸಾಮಾನ ಇಟ್ಟು, ಕೂಡ್ರೂದು ಎಲ್ಲಿ ಅಂತ ಕೇಳಿದಂಗ. ಒಂದು ವರ್ಷದಾಗ ಅಪ್‌ಡೇಟ್ ಹಾಕ್ಲಿಕ್ಕೂ ಜಾಗ ಉಳಿಯೂದಿಲ್ಲ, ಬದಲಿ ಮಾಡ್ಲಿಕ್ಕೂ ಬರೂದಿಲ್ಲ. ಇಂಥಾ ಸೆಲೆರಾನ್ ಯಾರಾದ್ರೂ ಅರ್ಧಾ ರೇಟಿಗೆ ಕೊಟ್ರೂ ಓದೂ ಹುಡುಗರಿಗೆ ಬ್ಯಾಡ ಅಂತೇನಿ.

ಹಂಗಾದ್ರ ಐ3ನ ಗೆದ್ದಂಗಾತಲ್ಲ ಅಂದ್ರ, ಇಲ್ಲ. ವಿಂಡೋಸ್ 10ಕ್ಕ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ಕ್ಕ ಸಪೋರ್ಟ್ ನಿಲ್ಲಿಸ್ಯಾರ. ವಿಂಡೋಸ್ 11ಕ್ಕ ಇಂಟೆಲ್ಲಿನ ಎಂಟನೇ ಪೀಳಿಗಿ ಮತ್ತ ಮುಂದಿನ ಐ3 ಬೇಕು, ನಮ್ಮ 5005 ಐದನೇದು. ಆದ್ರ ಆ ಬಡ ಸೆಲೆರಾನ್ ಎನ್4020 ವಿಂಡೋಸ್ 11ರ ಯಾದಿಯೊಳಗ ಅದ! ಅಂಗಡಿಯವರು ಐ3ದಾಗ ಹೆಂಗರ ಮಾಡಿ 11 ಹಾಕಿ ಕೊಡ್ತಾರ, "ಓಡ್ತದ ನೋಡ್ರಿ ಅಕ್ಕಾರ" ಅಂತಾರ. ಓಡ್ತದ ಖರೇ, ಆದ್ರ ಅದು ಕಂಪನಿ ಒಪ್ಪಿದ್ದಲ್ಲ, ಮುಂದ ಅಪ್‌ಡೇಟ್ ಬಂದ ಬರ್ತಾವ ಅಂತ ಭರವಸೆ ಇಲ್ಲ. ಬ್ಯಾಂಕಿನ ಕೆಲಸ ಮಾಡೂ ಯಂತ್ರದಾಗ ನನಗಂತೂ ಅದು ಬ್ಯಾಡ.

ಐ3ಕ್ಕ ಲಿನಕ್ಸ್ ಮಿಂಟ್ ಹಾಕ್ರಿ. ಪುಕ್ಕಟೆ ಸಿಗ್ತದ, ಹಗುರ ಅದ, ನೋಡ್ಲಿಕ್ಕೂ ಹಳೇ ವಿಂಡೋಸಿನಂಗ ಅದ. ಕನ್ನಡ ಟೈಪ್ ಮಾಡೂದು ಹೆಂಗ ಅಂತ ಚಿಂತಿ ಬ್ಯಾಡ, ನುಡಿಯೊಳಗ ರೂಢಿ ಆದ ಕಗಪ ಕೀಲಿ ಜೋಡಣಿ ಲಿನಕ್ಸಿನ್ಯಾಗೂ ಅದ. ಆದ್ರ ಬಿ.ಕಾಂ. ಹುಡುಗಿಗೆ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ಅಕಿಗೆ ಈ ಐ3 ಆಗೂದಿಲ್ಲ. ಅಕಿಗೆ 8 ಜಿಬಿ ರ್‍ಯಾಮ್, ಖರೇ ಎಸ್‌ಎಸ್‌ಡಿ ಇದ್ದ ಸೆಲೆರಾನ್ ಸಿಕ್ರ ನಡೀತದ. ಒಂದೀಟು ರೊಕ್ಕ ಕೂಡಿಸಿ ಎಂಟನೇ ಪೀಳಿಗಿ ಐ3 ತಗೊಂಡ್ರ ಎರಡಕ್ಕಿಂತಾ ಛೊಲೋ.

ಈ ರೊಕ್ಕ ಕೂಡಿಸೂ ಮಾತಿಗೆ ಬಂದಾಗ ನಮ್ಮ ಮನಿಗೋಳಾಗ ಏನಾಗ್ತದ ಅಂತ ನಿಮಗ ಹೇಳೂದು ಬ್ಯಾಡ. ಮಗಗ ಇಂಜಿನಿಯರಿಂಗ್ ಅಂತ ಹೊಸಾದು ಬರ್ತದ. ಮಗಳಿಗೆ "ಟೈಪ್ ಮಾಡ್ಲಿಕ್ಕೆ ಯಾವದಾದ್ರೇನು" ಅಂತ ಅಣ್ಣ ಬಿಟ್ಟದ್ದು, ಇಲ್ಲಾ ಎಲ್ಲಾಕ್ಕಿಂತ ಅಗ್ಗದ್ದು. ಅದು ಒಂದು ಎಂಟ್ರಿ ಹಾಕ್ಲಿಕ್ಕೆ ಅರ್ಧಾ ನಿಮಿಷ ತಿರುಗ್ತದ. ನಡಕ ಅಡಿಗಿಮನಿಯಿಂದ ಕರಿ ಬರ್ತದ, ಅಕಿ ಎದ್ದು ಹೋಗ್ತಾಳ. ಆರು ತಿಂಗಳಾದ ಮ್ಯಾಲೆ "ಇಕಿಗೆ ಕಂಪ್ಯೂಟರ್ ಅಷ್ಟಕ್ಕಷ್ಟ" ಅಂತ ಮನ್ಯಾಗ ಹೇಳ್ಕೋತ ತಿರಗ್ತಾರ. ಕಂಪ್ಯೂಟರ್ ಅಷ್ಟಕ್ಕಷ್ಟ ಇದ್ದದ್ದು ಯಾರಿಗೂ ಕಾಣೂದಿಲ್ಲ. ಮದವಿಗೆ ಅಂತ ಅಕಿ ಹೆಸರಿಲೆ ಚೀಟಿ ಕಟ್ಟೂ ಕಾಕೂಗಳು ಅದರಾಗಿನ ಒಂದೆರಡು ತಿಂಗಳ ಕಂತು ಇಲ್ಲಿ ಹಾಕಿದ್ರ ಏನೂ ಮುಳುಗೂದಿಲ್ಲ.

ಅಂಗಡಿಗೆ ಹೋದಾಗ ಹುಡುಗಿನ್ನ ಕರಕೊಂಡ ಹೋಗ್ರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರ ಟಾಸ್ಕ್ ಮ್ಯಾನೇಜರ್ ತೆರೀತದ. ಅದರಾಗ ಪರ್ಫಾರ್ಮನ್ಸ್ ಅನ್ನೂ ಕಡೆ ಪ್ರೊಸೆಸರಿನ ಪೂರಾ ಹೆಸರು, ರ್‍ಯಾಮ್ ಎಷ್ಟು, ಡಿಸ್ಕ್ ಯಾವ ಜಾತಿದು, ಎಲ್ಲಾ ಕಾಣ್ತದ. ಬೆಸುಗಿ ರ್‍ಯಾಮ್ ಏನು ಅಂತ ಅಂಗಡಿಯವರನ್ನ ಬಾಯಿಬಿಟ್ಟು ಕೇಳ್ರಿ, ಬಿಲ್ಲಿನ ಮ್ಯಾಲೆ ಬರಸ್ರಿ. ನಂಬರ್ ಓದೂದ್ರಾಗೂ ಒಂದು ಮೋಸ ಅದ: ಐ3-1005ಜಿ1 ಅಂತ ಇನ್ನೊಂದು ಬರ್ತದ. 5005ರ ಮುಂದ 1005 ಸಣ್ಣದು ಕಂಡ್ರೂ ಅದು ಹತ್ತನೇ ಪೀಳಿಗಿದು, 2019ರದ್ದು, ವಿಂಡೋಸ್ 11ಕ್ಕ ನಡೀತದ. ಅದು ಅದ ರೇಟಿನ ಆಸುಪಾಸು ಸಿಕ್ಕಿತು ಅಂದ್ರ ನನಗ ಫೋನ್ ಸೈತ ಮಾಡಬ್ಯಾಡ್ರಿ, ತಗೊಂಡ ಬರ್ರಿ.