ಆರನೇ ಫೌಲ್ ಯಾರದು? ಮೂರು ತಿಂಗಳ ನಂತರ ಮತ್ತೆ ಆಡಿಸಿದ 51.9 ಸೆಕೆಂಡ್

ಫುಟ್‌ಬಾಲ್‌ನಲ್ಲಿ ಆಟಗಾರನನ್ನು ಹೊರಗೆ ಕಳುಹಿಸಲು ರೆಫರಿ ಜೇಬಿನಿಂದ ಕೆಂಪು ಕಾರ್ಡ್ ತೆಗೆಯಬೇಕು. ಬಾಸ್ಕೆಟ್‌ಬಾಲ್‌ನಲ್ಲಿ ಹೆಚ್ಚಿನ ಸಲ ಆ ಕೆಲಸ ಮಾಡುವುದು ಅಂಗಣದ ಪಕ್ಕದ ಮೇಜಿನ ಮೇಲಿರುವ ಸ್ಕೋರ್‌ಶೀಟ್. ಅಂತಾರಾಷ್ಟ್ರೀಯ ಸಂಸ್ಥೆ ಫಿಬಾ ನಿಯಮದಲ್ಲಿ ಐದು ಫೌಲ್, ಅಮೆರಿಕದ ಎನ್‌ಬಿಎಯಲ್ಲಿ ಆರು ಫೌಲ್ ಆದರೆ ಆಟಗಾರ ಹೊರಕ್ಕೆ. ಎನ್‌ಬಿಎ ಉದಾರಿ ಎಂದೇನಲ್ಲ. ಅಲ್ಲಿ ಪಂದ್ಯ 48 ನಿಮಿಷ, ಫಿಬಾದಲ್ಲಿ 40. ಎರಡರಲ್ಲೂ ಎಂಟು ನಿಮಿಷಕ್ಕೊಂದು ಫೌಲ್ ಲೆಕ್ಕ.

ಆದರೆ ಆ ಲೆಕ್ಕವೇ ತಪ್ಪಾದರೆ?

2007ರ ಡಿಸೆಂಬರ್ 19ರಂದು ಅಟ್ಲಾಂಟಾದಲ್ಲಿ ಆದದ್ದು ಅದೇ. ಮಯಾಮಿ ಹೀಟ್ ವಿರುದ್ಧದ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿತ್ತು. 51.9 ಸೆಕೆಂಡ್ ಬಾಕಿ ಇದ್ದಾಗ, ಅಟ್ಲಾಂಟಾ ಹಾಕ್ಸ್ 114-111ರಿಂದ ಮುಂದಿತ್ತು. ಮಯಾಮಿಯ ದೈತ್ಯ ಶಕೀಲ್ ಒ'ನೀಲ್‌ಗೆ ಆರು ಫೌಲ್ ಆಗಿದೆ ಎಂದು ಹೊರಗೆ ಕಳುಹಿಸಲಾಯಿತು. ನಿಜಕ್ಕೂ ಅದು ಐದನೆಯದು. ನಾಲ್ಕನೇ ಕ್ವಾರ್ಟರ್‌ನಲ್ಲಿ ಸಹ ಆಟಗಾರ ಯುಡೊನಿಸ್ ಹ್ಯಾಸ್ಲೆಮ್ ಮಾಡಿದ್ದ ಫೌಲ್ ಒ'ನೀಲ್ ಹೆಸರಿಗೆ ಬಿದ್ದಿತ್ತು. ಹಾಕ್ಸ್ 117-111ರಿಂದ ಗೆದ್ದಿತು, ಮಯಾಮಿ ದೂರು ನೀಡಿತು.

ಆಗಿನ ಕಮಿಷನರ್ ಡೇವಿಡ್ ಸ್ಟರ್ನ್ ದೂರನ್ನು ಒಪ್ಪಿದರು. ದಂಡ ಬಿದ್ದಿದ್ದು ರೆಫರಿಗಳಿಗಲ್ಲ, ಹಾಕ್ಸ್ ತಂಡಕ್ಕೆ: 50,000 ಡಾಲರ್. ಕಾರಣ, ಅಂಕಿಅಂಶ ಬರೆಯುವ ಸಿಬ್ಬಂದಿ ಆತಿಥೇಯ ತಂಡದವರು. ಕೊನೆಯ 51.9 ಸೆಕೆಂಡ್ ಆಟವನ್ನು 2008ರ ಮಾರ್ಚ್ 8ರಂದು ಮತ್ತೆ ಆಡಿಸಲಾಯಿತು. ಅಷ್ಟರಲ್ಲಿ ಒ'ನೀಲ್ ಫೀನಿಕ್ಸ್ ತಂಡಕ್ಕೆ ಹೋಗಿಯಾಗಿತ್ತು! ಯಾರ ಸಲುವಾಗಿ ನ್ಯಾಯ ಕೇಳಿದ್ದರೋ ಅವರೇ ಇಲ್ಲದ ಆಟದಲ್ಲಿ ಎರಡೂ ತಂಡಗಳು ಒಂದು ಅಂಕವನ್ನೂ ಗಳಿಸಲಿಲ್ಲ. 114-111ಕ್ಕೇ ಪಂದ್ಯ ಮುಗಿಯಿತು.

ಎಡವಟ್ಟು ಎಲ್ಲಿ ಆಗುತ್ತದೆ ಎಂಬುದು ಈ ಪ್ರಕರಣದಲ್ಲಿ ಸ್ಪಷ್ಟ. ರೆಫರಿ ಸೀಟಿ ಊದಿ, ಜೆರ್ಸಿ ಸಂಖ್ಯೆಯನ್ನು ಬೆರಳಲ್ಲಿ ತೋರಿಸುತ್ತಾರೆ. ಗದ್ದಲದ ನಡುವೆ ಮೇಜಿನವರು ಅದನ್ನು ಬರೆದುಕೊಳ್ಳಬೇಕು. ಫಿಬಾದಲ್ಲಿ ಪ್ರತಿ ಫೌಲ್‌ಗೂ ಆಟಗಾರನ ಫೌಲ್ ಸಂಖ್ಯೆಯ ಫಲಕವನ್ನು ಇಬ್ಬರೂ ಕೋಚ್‌ಗಳಿಗೆ ಕಾಣುವಂತೆ ಎತ್ತಿ ಹಿಡಿಯುವುದು ಇದಕ್ಕಾಗಿಯೇ. ಎರಡನೆಯದೋ ಮೂರನೆಯದೋ ಎಂಬ ತಕರಾರು ಆಗಲೇ ಬರಲಿ ಎಂದು. ಐದನೆಯದಾದರೆ ರೆಫರಿಯೇ ಆಟಗಾರನಿಗೆ ತಿಳಿಸಬೇಕು, 30 ಸೆಕೆಂಡ್‌ನೊಳಗೆ ಬದಲಿ ಆಟಗಾರ ಇಳಿಯಬೇಕು.

ಐದು ಫೌಲ್ ಆದವನು ಕಣ್ತಪ್ಪಿ ಅಂಗಣದಲ್ಲೇ ಉಳಿದರೆ, ಗೊತ್ತಾದ ಕೂಡಲೇ ಹೊರಗೆ ಕಳುಹಿಸುತ್ತಾರೆ. ಅವನು ಗಳಿಸಿದ ಅಂಕ ಉಳಿಯುತ್ತದೆ. ಇದು ಸಣ್ಣ ತಪ್ಪು. ಆಡಬೇಕಾದವನನ್ನು ಹೊರಗಿಟ್ಟ ತಪ್ಪಿಗೆ ಅಂಥ ಸುಲಭದ ಮದ್ದಿಲ್ಲ.

ಬದಲಿಗೆ ಯಾರೂ ಉಳಿಯದಿದ್ದರೆ? ಇಲ್ಲಿ ಎರಡೂ ನಿಯಮಗಳ ದಾರಿ ಬೇರೆ. ಫಿಬಾದಲ್ಲಿ ತಂಡ ಕಡಿಮೆ ಜನರೊಂದಿಗೆ ಆಡಬೇಕು, ಇಬ್ಬರಿಗಿಂತ ಕಡಿಮೆಯಾದರೆ ಸೋಲು. ಎನ್‌ಬಿಎಯಲ್ಲಿ ಅಂಗಣದಲ್ಲಿ ಐವರು ಇರಲೇಬೇಕು. 2014ರ ಫೆಬ್ರವರಿ 5ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಗಾಯ, ಫೌಲ್‌ಗಳಿಂದ ಲಾಸ್ ಏಂಜಲೀಸ್ ಲೇಕರ್ಸ್ ಬೆಂಚು ಖಾಲಿಯಾಯಿತು. ರಾಬರ್ಟ್ ಸಾಕ್ರೆ ಆರನೇ ಫೌಲ್ ಮಾಡಿಯೂ ಆಡುತ್ತಲೇ ಇದ್ದರು, ತಂಡದ ಮೇಲೆ ಟೆಕ್ನಿಕಲ್ ಫೌಲ್ ಬಿತ್ತು. ಲೇಕರ್ಸ್ 119-108ರಿಂದ ಗೆದ್ದಿತು.