ಗ್ರಂಥಾಲಯದೊಳಗೆ ಲಾಠಿ: ಅಧ್ಯಾಪಕರ ಸಂಘದ ಖಂಡನಾ ಹೇಳಿಕೆ

ಬೆಂಗಳೂರು, 21 ಡಿಸೆಂಬರ್ 2019

ಡಿಸೆಂಬರ್ 15ರ ಭಾನುವಾರ ಸಂಜೆ ದೆಹಲಿ ಪೊಲೀಸರು ಜಾಮಿಯಾ ಮಿಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯಕ್ಕೆ ನುಗ್ಗಿ, ಗ್ರಂಥಾಲಯದೊಳಗೇ ಅಶ್ರುವಾಯು ಸಿಡಿಸಿ ವಿದ್ಯಾರ್ಥಿಗಳನ್ನು ಥಳಿಸಿದ್ದನ್ನು ನಮ್ಮ ಸಂಘ ಕಟುವಾಗಿ ಖಂಡಿಸುತ್ತದೆ. ಅನುಮತಿ ಪಡೆಯದೆ ಪೊಲೀಸರು ಒಳಬಂದರೆಂದು ಕುಲಪತಿ ನಜ್ಮಾ ಅಖ್ತರ್ ಅವರೇ ಹೇಳಿದ್ದಾರೆ. ಒಬ್ಬ ವಿದ್ಯಾರ್ಥಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದಾರೆ.

ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಮೆರವಣಿಗೆ ನಡೆದ ಅಂದು ಬಸ್ಸುಗಳು ಉರಿದದ್ದು ನಿಜ. ಬೆಂಕಿ ಹಚ್ಚಿದವರು ಯಾರೇ ಆಗಿರಲಿ, ಹಿಡಿದು ನ್ಯಾಯಾಲಯದ ಮುಂದೆ ನಿಲ್ಲಿಸಲಿ. ರಸ್ತೆಯಲ್ಲಿ ಉರಿದ ಬಸ್ಸಿನ ಲೆಕ್ಕವನ್ನು ಗ್ರಂಥಾಲಯದಲ್ಲಿ ಚುಕ್ತಾ ಮಾಡುವ ಅಧಿಕಾರವನ್ನು ಯಾವ ಕಾನೂನೂ ಪೊಲೀಸರಿಗೆ ಕೊಟ್ಟಿಲ್ಲ.

ಅದೇ ರಾತ್ರಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಆಡಳಿತವೇ ಪೊಲೀಸರನ್ನು ಕರೆಸಿಕೊಂಡಿತು, ಬಳಿಕ ಹಾಸ್ಟೆಲ್‌ಗಳನ್ನು ಖಾಲಿ ಮಾಡಿಸಿತು. ಅಧ್ಯಾಪಕರಾದ ನಮಗೆ ಇದು ಹೆಚ್ಚು ನೋವಿನ ಸಂಗತಿ. ವಿದ್ಯಾರ್ಥಿಗಳ ಜೊತೆ ಮಾತಿಗೆ ಕೂರಬೇಕಾದವರೇ ಲಾಠಿಗೆ ಬಾಗಿಲು ತೆಗೆದಿದ್ದಾರೆ.

ಓದುವ ಮಕ್ಕಳಿಗೆ ರಾಜಕೀಯ ಏಕೆ ಎನ್ನುವ ಸಚಿವರಿಗೂ ಅಧಿಕಾರಿಗಳಿಗೂ ಜಾಮಿಯಾ ಹುಟ್ಟಿದ ಬಗೆಯನ್ನು ನೆನಪಿಸುತ್ತೇವೆ. ಸರ್ಕಾರದ ನೆರವಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳನ್ನು ತೊರೆಯಿರಿ ಎಂಬ ಗಾಂಧೀಜಿಯವರ ಕರೆಗೆ ಓಗೊಟ್ಟು, 1920ರಲ್ಲಿ ಅಲಿಗಢದ ಕಾಲೇಜಿನಿಂದ ಹೊರನಡೆದ ವಿದ್ಯಾರ್ಥಿಗಳೂ ಅಧ್ಯಾಪಕರೂ ಕಟ್ಟಿದ ಸಂಸ್ಥೆ ಅದು. ಅವರಲ್ಲಿದ್ದ 23ರ ತರುಣ ಜಾಕಿರ್ ಹುಸೇನ್ ಮುಂದೆ ಈ ದೇಶದ ರಾಷ್ಟ್ರಪತಿಯಾದರು.

ನಮ್ಮ ರಾಜ್ಯದ ನಡೆಯೂ ಬೇರೆಯಾಗಿಲ್ಲ. 19ರಂದು ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರ್‌ಗೆ ಇಬ್ಬರು ಬಲಿಯಾದರು. ಬೆಂಗಳೂರಿನಲ್ಲಿ 144ನೇ ಸೆಕ್ಷನ್ ಹೇರಿ, ಟೌನ್‌ಹಾಲ್ ಎದುರು ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದೊಯ್ದರು. ಗುಂಪುಗೂಡಬಾರದೆಂಬ ಆ ಆಜ್ಞೆಗೆ ಬನ್ನೇರುಘಟ್ಟ ರಸ್ತೆಯ ಐಐಎಂ ವಿದ್ಯಾರ್ಥಿಗಳು ಗೇಟಿನ ಹೊರಗೆ ತಮ್ಮ ಚಪ್ಪಲಿ, ಶೂ, ಭಿತ್ತಿಪತ್ರಗಳನ್ನು ಇಟ್ಟು ಉತ್ತರ ಕೊಟ್ಟರು. ಇಂಥವರಿಗೆ ಹೆದರಿ ಇಡೀ ನಗರಕ್ಕೆ ನಿಷೇಧಾಜ್ಞೆ ಹಾಕುವ ಸರ್ಕಾರಕ್ಕೆ ತನ್ನ ಯುವಜನರ ಮೇಲೆ ನಂಬಿಕೆಯೇ ಇಲ್ಲವೆಂದಾಯಿತು. ಈ ಆಜ್ಞೆಯನ್ನು ಕೂಡಲೇ ಹಿಂಪಡೆಯಬೇಕು.

ಜಾಮಿಯಾ, ಅಲಿಗಢ, ಮಂಗಳೂರು ಘಟನೆಗಳ ಬಗ್ಗೆ ನ್ಯಾಯಾಂಗ ತನಿಖೆ ನಡೆಯಬೇಕು. ಗಾಯಗೊಂಡವರ ಚಿಕಿತ್ಸೆಯ ಹೊಣೆಯನ್ನು ಸರ್ಕಾರವೇ ಹೊರಬೇಕು. ಶಾಂತಿಯುತವಾಗಿ ಪ್ರತಿಭಟಿಸಿದವರ ಮೇಲಿನ ಮೊಕದ್ದಮೆಗಳನ್ನು ಕೈಬಿಡಬೇಕು.

ಕಾಲೇಜುಗಳ ಪ್ರಾಂಶುಪಾಲರಲ್ಲಿ ಒಂದು ಮಾತು: ಪ್ರತಿಭಟನೆಗೆ ಹೋಗುವುದಿಲ್ಲವೆಂದು ವಿದ್ಯಾರ್ಥಿಗಳಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಡಿ, ಹಾಜರಾತಿ, ಆಂತರಿಕ ಅಂಕಗಳ ಹೆಸರಿನಲ್ಲಿ ಬೆದರಿಸಬೇಡಿ. ಹೋದವರ ಹೆಸರು ಪಟ್ಟಿ ಮಾಡಿಕೊಡಿ ಎಂಬ ಆದೇಶ ಎಲ್ಲಿಂದ ಬಂದರೂ ನಮ್ಮ ಸದಸ್ಯರು ಅಂಥ ಪಟ್ಟಿಗೆ ಸಹಿ ಹಾಕುವುದಿಲ್ಲ.

ಕಾರ್ಯಕಾರಿ ಸಮಿತಿಯ ಪರವಾಗಿ,
ಅಧ್ಯಕ್ಷರು ಮತ್ತು ಕಾರ್ಯದರ್ಶಿ